ಮುಖಪುಟಕ್ಕೆ ಮುಖ, ಸಂಬಳಕ್ಕೆ ನಕ್ಷತ್ರ

ವರ್ಲಿನ್ ಕ್ವಾಶಿಗೆ ಸಿಟ್ಟೇ ಬರುವುದಿಲ್ಲ ಎಂದು ಗಿರಣಿಯಲ್ಲಿ ಎಲ್ಲರೂ ನಂಬಿದ್ದರು. ಹತ್ತೊಂಬತ್ತು ವರ್ಷ ಕಣ್ಣೆದುರಿಗೇ ಸೌಟು ಹಿಡಿದು ನಿಂತವಳ ಬಗ್ಗೆ ಅವರು ತಿಳಿದುಕೊಂಡದ್ದು ಅಷ್ಟೇ. ಸಿಟ್ಟು ಬಂದಾಗ ವರ್ಲಿನ್ ಈರುಳ್ಳಿ ಹೆಚ್ಚುತ್ತಿದ್ದಳು. ಆ ಅಡುಗೆಮನೆಯಲ್ಲಿ ಇಷ್ಟು ವರ್ಷ ಇಷ್ಟೊಂದು ಈರುಳ್ಳಿ ಯಾಕೆ ಖರ್ಚಾಯಿತು ಎಂದು ಯಾರಾದರೂ ವಿಚಾರಿಸಿದ್ದರೆ ಅವಳ ಮನಸ್ಸು ಗೊತ್ತಾಗುತ್ತಿತ್ತು. ಯಾರೂ ವಿಚಾರಿಸಲಿಲ್ಲ. ಸೂಪು ರುಚಿಯಾಗಿರುತ್ತಿತ್ತು, ಅವರಿಗೆ ಅಷ್ಟು ಸಾಕಾಗಿತ್ತು.

ಗಿರಣಿ ಎಂದರೆ ಈಗ ಗಿರಣಿಯಲ್ಲ. ಇಂಗ್ಲಿಷರ ನಾಡಿನ ಹಡರ್ಸ್‌ಫೀಲ್ಡ್ ಊರಿನ ಕಾಲುವೆ ದಂಡೆಯ ಆ ನಾಲ್ಕಂತಸ್ತಿನ ಕಲ್ಲುಕಟ್ಟಡದಲ್ಲಿ ಉಣ್ಣೆಯ ಕೆಲಸ ನಿಂತು ನಲವತ್ತು ವರ್ಷವಾಯಿತು. ಈಗ ಕೆಳಗಿನ ಎರಡು ಅಂತಸ್ತಿನಲ್ಲಿ ವಯಸ್ಸಾದವರಿಗಾಗಿ ಒಂದು ಸೇವಾಸಂಸ್ಥೆ ಇದೆ. ಮುದುಕ ಮುದುಕಿಯರನ್ನು ವ್ಯಾನಿನಲ್ಲಿ ಕರೆತಂದು, ಬಿಸಿಯೂಟ ಹಾಕಿ, ಇಸ್ಪೀಟು ಆಡಿಸಿ, ನಾಲ್ಕು ಗಂಟೆಗೆ ವಾಪಸು ಮನೆ ಮುಟ್ಟಿಸುವುದು ಅದರ ಕೆಲಸ. ಸಂಸ್ಥೆಗೆ ಉದ್ದನೆಯದೊಂದು ಹೆಸರಿದೆ, ಅದರಲ್ಲಿ ‘ಘನತೆ’ ಎಂಬ ಮಾತೂ ಸೇರಿಕೊಂಡಿದೆ. ಊರಿನವರ ಬಾಯಲ್ಲಿ ಮಾತ್ರ ಅದು ಇನ್ನೂ ಗಿರಣಿಯೇ.

ಅಲ್ಲಿ ಸಂಬಳಕ್ಕೆ ದುಡಿಯುವವರು ಇಪ್ಪತ್ತೇಳು ಜನ. ಅವರಲ್ಲಿ ಕರಿಯಳು ವರ್ಲಿನ್ ಒಬ್ಬಳೇ. ಲೆಕ್ಕಪತ್ರ ನೋಡುವ ರುಬೀನಾಳ ಅಪ್ಪ ಪಾಕಿಸ್ತಾನದ ಮೀರ್‌ಪುರದ ಕಡೆಯವನು. ಉಳಿದ ಇಪ್ಪತ್ತೈದು ಜನ ಬಿಳಿಯರು.

ವರ್ಲಿನ್ ಹುಟ್ಟಿದ್ದು, ಬೆಳೆದದ್ದು, ಗಂಡನನ್ನು ಕಟ್ಟಿಕೊಂಡದ್ದು, ಅವನನ್ನು ಬಿಟ್ಟದ್ದು ಎಲ್ಲ ಇದೇ ಊರಿನಲ್ಲಿ. ಆದರೂ ಐವತ್ತೊಂಬತ್ತು ವರ್ಷದಿಂದ “ನಿಮ್ಮ ಊರು ಯಾವುದು, ನಿಜವಾದ ಊರು?” ಎಂಬ ಪ್ರಶ್ನೆ ತಪ್ಪಿಲ್ಲ. ಅವಳ ತಾಯಿ ಎಸ್ಲಿನ್ ೧೯೬೧ರಲ್ಲಿ ವೆಸ್ಟ್ ಇಂಡೀಸಿನ ಕ್ಯಾರಿಯಾಕು ಎಂಬ ಅಂಗೈಯಗಲದ ದ್ವೀಪದಿಂದ ಹಡಗು ಹತ್ತಿ ಬಂದವಳು. ಬಂದು, ಇದೇ ಕಟ್ಟಡದ ಮೂರನೇ ಅಂತಸ್ತಿನಲ್ಲಿ ಹದಿನಾರು ವರ್ಷ ನೂಲು ಸುತ್ತಿದಳು. ಮಗಳು ಅದೇ ಕಟ್ಟಡದ ತಳಮಹಡಿಗೆ ಬಂದಳು. ಅರವತ್ತು ವರ್ಷದಲ್ಲಿ ಈ ಸಂಸಾರ ಎರಡಂತಸ್ತು ಕೆಳಗಿಳಿದಿದೆ ಎಂದು ಎಸ್ಲಿನ್ ನಗುತ್ತಿದ್ದಳು.

ವರ್ಲಿನ್ ಸೇರಿದ್ದು ತಟ್ಟೆ ತೊಳೆಯಲು. ಎರಡು ವರ್ಷಕ್ಕೆ ಅಡುಗೆ ಅವಳ ಪಾಲಿಗೆ ಬಂತು. ಸಾಮಾನು ತರಿಸುವುದು ಬಂತು. ಚಾಲಕ ಕೈಕೊಟ್ಟ ವರ್ಷ ತನ್ನದೇ ದುಡ್ಡಿನಲ್ಲಿ ವ್ಯಾನಿನ ಲೈಸೆನ್ಸ್ ಮಾಡಿಸಿಕೊಂಡಳು. ಯಾವ ಬೀದಿಯ ಯಾರನ್ನು ಮೊದಲು ಹತ್ತಿಸಬೇಕು, ಯಾರ ಗಾಲಿಕುರ್ಚಿಯ ಕೊಂಡಿ ಸಡಿಲ, ಯಾರಿಗೆ ಸಕ್ಕರೆ ಕಾಯಿಲೆ, ಯಾರು ಸಕ್ಕರೆ ಕಾಯಿಲೆ ಇದ್ದೂ ಕದ್ದು ಬಿಸ್ಕತ್ತು ತಿನ್ನುತ್ತಾರೆ, ಎಲ್ಲ ಅವಳ ತಲೆಯಲ್ಲಿತ್ತು. ಕಾಗದದ ಮೇಲೆ ಮಾತ್ರ ಅವಳು ‘ಅಡುಗೆ ಸಹಾಯಕಿ’. ಹತ್ತು ವರ್ಷ ತುಂಬಿದಾಗ ‘ಹಿರಿಯ ಸಹಾಯಕಿ’ ಮಾಡಿದರು. ಹಿರಿಯ ಎಂಬ ಮೂರಕ್ಷರಕ್ಕೆ ಗಂಟೆಗೆ ಮೂವತ್ತು ಪೆನ್ನಿ ಸಿಕ್ಕಿತು, ಜೊತೆಗೊಂದು ಹೂಗುಚ್ಛ.

ಆರು ವರ್ಷದ ಹಿಂದೆ ಡೆಕ್ಲನ್ ಹಾಯ್ಲ್ ಬಂದ. ವಿಶ್ವವಿದ್ಯಾಲಯವನ್ನು ಅರ್ಧಕ್ಕೆ ಬಿಟ್ಟ ಇಪ್ಪತ್ತನಾಲ್ಕರ ಹುಡುಗ, ಸಂಕೋಚದವನು, ಒಳ್ಳೆಯವನು. ವರ್ಲಿನ್ ಅವನಿಗೆ ಮೂರು ತಿಂಗಳು ಕೆಲಸ ಕಲಿಸಿದಳು. ಗಾಲಿಕುರ್ಚಿಯನ್ನು ವ್ಯಾನಿನ ನೆಲಕ್ಕೆ ಬಿಗಿಯುವುದರಿಂದ ಹಿಡಿದು, ವಾಮರ್ಸ್ಲಿ ತಾತ ಹೆಂಡತಿ ಸತ್ತಿದ್ದಾಳೆಂಬುದನ್ನು ಮರೆತು ಅವಳನ್ನು ಕೇಳಿದಾಗ ಏನು ಹೇಳಬೇಕು ಎನ್ನುವವರೆಗೆ ಎಲ್ಲ ಕಲಿಸಿದಳು. ನಾಲ್ಕನೇ ತಿಂಗಳಿಗೆ ಅವನು ‘ಊಟ ಮತ್ತು ಸಾರಿಗೆ ಸಂಯೋಜಕ’ನಾದ. ಅವನ ಕೆಲಸ ಅವಳ ಕೆಲಸವೇ. ಹೆಚ್ಚಿನದೆಂದರೆ ಸೋಮವಾರ ಮೇಲಿನ ಮಹಡಿಯಲ್ಲಿ ಒಂದು ಮೀಟಿಂಗ್. ಆ ಮೀಟಿಂಗಿನಲ್ಲಿ ಅವನು ಓದುತ್ತಿದ್ದುದು ವರ್ಲಿನ್ ಬರೆದುಕೊಟ್ಟ ಪಟ್ಟಿಯನ್ನು.

ಅವನಿಗೆ ಎಷ್ಟು ಸಿಗುತ್ತದೆ ಎಂದು ಅವಳು ಕೇಳಲಿಲ್ಲ. ಆ ದೇಶದಲ್ಲಿ ಕೇಳುವ ಪದ್ಧತಿಯಿಲ್ಲ. ಬಸ್ಸಿಗೆ ಕಾಯುವಾಗ ಗುರುತಿಲ್ಲದವರ ಹತ್ತಿರ ತಮ್ಮ ಮೂಲವ್ಯಾಧಿ, ವಿಚ್ಛೇದನ, ಬೆಕ್ಕಿನ ಆಪರೇಷನ್ನು ಎಲ್ಲ ಹೇಳಿಕೊಳ್ಳುವ ಜನ ಸಂಬಳದ ಮಾತು ಬಂದರೆ ಬಾಯಿಗೆ ಬೀಗ ಹಾಕುತ್ತಾರೆ. ಅದು ಮರ್ಯಾದೆ ಎನ್ನುತ್ತಾರೆ. ಯಾರ ಮರ್ಯಾದೆ, ಯಾರಿಗೆ ಲಾಭ ಎಂದು ಕೇಳಿದವರು ಮರ್ಯಾದೆಗೆಟ್ಟವರು. ವರ್ಲಿನ್ ಆ ಗಾಳಿಯಲ್ಲೇ ಬೆಳೆದವಳು, ಕೇಳಲಿಲ್ಲ.

ಹೀಗಿರುವಾಗ ಮಾರ್ಚ್ ತಿಂಗಳಲ್ಲೊಂದು ದಿನ ಸಂಸ್ಥೆಯ ನಿರ್ದೇಶಕಿ ಫಿಲಿಪ್ಪಾ ಅಡುಗೆಮನೆಗೆ ಇಳಿದು ಬಂದಳು. ಕೈಯಲ್ಲಿ ಒಂದಷ್ಟು ಹಾಳೆ. ಮುಖದಲ್ಲಿ ಹಬ್ಬ.

“ವರ್ಲಿನ್, ಒಂದು ನಿಮಿಷ ಇದೀರಾ? ನಿಮಗೆ ಖುಷಿಯಾಗೋ ವಿಷಯ.”

“ಹೇಳಿ. ಒಲೆ ಮೇಲೆ ಸಾರಿದೆ, ಅದಕ್ಕೂ ಖುಷಿಯಾಗ್ಲಿ.”

“ಸಂಬಳದ ಅಂತರದ ವರದಿ ಮಾಡಿಸಿದೀವಿ. ಹೆಂಗಸ್ರಿಗೆಷ್ಟು ಗಂಡಸ್ರಿಗೆಷ್ಟು, ಬಿಳಿಯರಿಗೆಷ್ಟು ಬೇರೆಯವರಿಗೆಷ್ಟು, ಎಲ್ಲ ಅಚ್ಚು ಹಾಕಿಸ್ತೀವಿ. ಇನ್ನೂರೈವತ್ತು ಜನ ಇರೋ ದೊಡ್ಡ ಕಂಪನಿಗಳಿಗೆ ಮಾತ್ರ ಕಾನೂನು. ನಮ್ಮಂಥ ಸಣ್ಣೋರು ಮಾಡ್ಲೇಬೇಕು ಅಂತಿಲ್ಲ. ನಾವಾಗೇ ಮಾಡ್ತಿದೀವಿ.”

“ಒಳ್ಳೇದಾಯ್ತು.”

“ಮುಖಪುಟಕ್ಕೆ ನಿಮ್ಮ ಫೋಟೋ ಹಾಕೋಣ ಅಂತ. ಕ್ರಿಸ್‌ಮಸ್ ಊಟದ್ದು, ಸೌಟು ಹಿಡ್ಕೊಂಡು ನಗ್ತಿದೀರಲ್ಲ, ಅದು. ನಮ್ಮ ಸಂಸ್ಥೆ ಅಂದ್ರೆ ಆ ನಗು, ವರ್ಲಿನ್. ಇಲ್ಲೊಂದು ಸಹಿ ಹಾಕಿಬಿಡಿ. ನಿಮ್ಮ ಒಪ್ಪಿಗೆ ಇಲ್ದೆ ಹಾಕೋ ಹಾಗಿಲ್ಲ.”

ವರ್ಲಿನ್ ಕೈ ಒರೆಸಿಕೊಂಡಳು. “ಓದಿ ಹಾಕ್ಲಾ?”

ಫಿಲಿಪ್ಪಾಗೆ ಅದು ಹೊಳೆದೇ ಇರಲಿಲ್ಲ. “ವರದೀನಾ? ಓ, ಖಂಡಿತ ಓದಿ,” ಎಂದು ಹಾಳೆಗಳನ್ನು ಹಿಟ್ಟಿನ ಡಬ್ಬದ ಮೇಲಿಟ್ಟು ಹೋದಳು.

ಊಟ ಮುಗಿದು ಪಾತ್ರೆ ಎದ್ದ ಮೇಲೆ ವರ್ಲಿನ್ ಆಲೂಗಡ್ಡೆ ಪೆಟ್ಟಿಗೆಯನ್ನು ಬೋರಲು ಹಾಕಿ ಅದರ ಮೇಲೆ ಕೂತು ಓದಿದಳು. ನಾಲ್ಕನೇ ಪುಟದಲ್ಲಿ ದಪ್ಪಕ್ಷರದಲ್ಲಿ ಹೆಮ್ಮೆಯಿತ್ತು: ಈ ಸಂಸ್ಥೆಯಲ್ಲಿ ಹೆಂಗಸರ ಸರಾಸರಿ ಸಂಬಳ ಗಂಡಸರದಕ್ಕಿಂತ ನೂರಕ್ಕೆ ಎರಡು ಪಾಲು ಹೆಚ್ಚು. ಇರದೆ ಏನು. ಮೇಲಿನ ಮಹಡಿಯ ಮೂರು ದೊಡ್ಡ ಕುರ್ಚಿಯಲ್ಲೂ ಹೆಂಗಸರೇ. ಅವರ ಸಂಬಳದಲ್ಲಿ ಅಡುಗೆಮನೆಯ ಹೆಂಗಸರನ್ನು ಅದ್ದಿ ತೆಗೆದರೆ ಎಲ್ಲರೂ ಬೆಳ್ಳಗೆ ಕಾಣುತ್ತಾರೆ.

ಆರನೇ ಪುಟದಲ್ಲಿ ವಿಭಾಗವಾರು ಪಟ್ಟಿ. ‘ಊಟ ಮತ್ತು ಸಾರಿಗೆ: ಗಂಡಸರ ಸರಾಸರಿ ಗಂಟೆಗೆ ಹದಿನೈದು ಪೌಂಡ್ ಇಪ್ಪತ್ತು. ಹೆಂಗಸರ ಸರಾಸರಿ ಹತ್ತು ಪೌಂಡ್ ಅರವತ್ತು.’ ವರ್ಲಿನ್ ಆ ಸಾಲನ್ನು ಮೂರು ಸಲ ಓದಿದಳು. ಊಟ ಮತ್ತು ಸಾರಿಗೆಯಲ್ಲಿ ಹೆಂಗಸರು ಮೂವರು: ಅವಳು, ಸ್ಯಾಂಡ್ರಾ, ಜೀನ್. ಗಂಡಸು ಒಬ್ಬನೇ. ಒಬ್ಬನ ಸರಾಸರಿ ಎಂದರೆ ಅವನ ಸಂಬಳವೇ. ವರದಿ ಬರೆದ ಲೀಡ್ಸ್ ಊರಿನ ಪಂಡಿತರು ಒಬ್ಬ ಮನುಷ್ಯನನ್ನು ಸರಾಸರಿ ಮಾಡಿ ಕೂರಿಸಿದ್ದರು, ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅವಳಿಗೆ ಸಿಗುತ್ತಿದ್ದದ್ದು ಹನ್ನೊಂದು ಪೌಂಡ್ ಐದು ಪೆನ್ನಿ. ಅವಳು ಕಲಿಸಿದ ಹುಡುಗನಿಗೆ, ಅವಳದೇ ಕೆಲಸಕ್ಕೆ, ಗಂಟೆಗೆ ನಾಲ್ಕು ಪೌಂಡ್ ಹದಿನೈದು ಪೆನ್ನಿ ಹೆಚ್ಚು.

ಏಳನೇ ಪುಟ ತಿರುವಿದಳು. ‘ಬಿಳಿಯ ಸಿಬ್ಬಂದಿ’ ಎಂಬಲ್ಲಿ ಅಂಕಿಯಿತ್ತು. ‘ಇತರೆ ಜನಾಂಗದ ಸಿಬ್ಬಂದಿ’ ಎಂಬಲ್ಲಿ ಒಂದು ಪುಟ್ಟ ನಕ್ಷತ್ರ. ನಕ್ಷತ್ರದ ಅರ್ಥ ಪುಟದ ತಳದಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ: ‘ಸಂಖ್ಯೆ ತೀರ ಕಡಿಮೆ. ವ್ಯಕ್ತಿಗಳ ಗುರುತು ಬಯಲಾಗಬಾರದೆಂದು ಅಂಕಿ ಕೊಟ್ಟಿಲ್ಲ.’

ಅವಳು ಎದ್ದು ಚಾಕು ತೆಗೆದುಕೊಂಡಳು. ಮರುದಿನದ ಸೂಪಿಗೆ ಮೂರು ಈರುಳ್ಳಿ ಸಾಕಿತ್ತು. ಒಂಬತ್ತನೆಯದಕ್ಕೆ ಕೈಹಾಕಿದಾಗ ಡೆಕ್ಲನ್ ವ್ಯಾನಿನ ಕೀಲಿ ತೂಗುಹಾಕಲು ಒಳಗೆ ಬಂದ.

“ಏನ್ ವರ್ಲಿನ್, ಊರಿಗೆಲ್ಲ ಅಡುಗೇನಾ?”

“ಹದಿನೈದು ಇಪ್ಪತ್ತು,” ಎಂದಳು ವರ್ಲಿನ್, ತಲೆಯೆತ್ತದೆ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವನ ಕಿವಿ ಎರಡೂ ಕೆಂಪಾದವು. “ಯಾರು ಹೇಳಿದ್ರು ನಿಮಗೆ?”

“ನಿಮ್ಮ ವರದೀನೇ ಹೇಳ್ತು. ನಂದು ಹನ್ನೊಂದು ಐದು. ಗೊತ್ತಿತ್ತಾ?”

“ಇಲ್ಲ. ದೇವ್ರಾಣೆ ಗೊತ್ತಿರ್ಲಿಲ್ಲ.”

“ಕೇಳಿದ್ಯಾ?”

“ಯಾರೂ ಕೇಳಲ್ವಲ್ಲ ವರ್ಲಿನ್.”

“ಕೇಳೋದು ಬಿಡು. ನನಗೆ ನಿನಗಿಂತ ಕಮ್ಮಿ ಇರ್ಬೋದು ಅಂತ ಒಂದಿನಾನಾದ್ರೂ ಅನ್ನಿಸ್ತಾ?”

ಅವನು ಕೀಲಿಯನ್ನು ಮೊಳೆಗೆ ಸಿಕ್ಕಿಸಿ ಹೊರಗೆ ಹೋದ. ಅನ್ನಿಸಿತ್ತು, ಅದಕ್ಕೇ ಕೇಳಿರಲಿಲ್ಲ. ಮೋಸ ಮಾಡುವವರ ಮೇಲೆ ಬರುವ ಸಿಟ್ಟು ಒಂದು ಬಗೆ. ಮೋಸ ಕಂಡೂ ನಯವಾಗಿ ಪಕ್ಕಕ್ಕೆ ತಿರುಗುವ ಒಳ್ಳೆಯವರ ಮೇಲೆ ಬರುವ ಸಿಟ್ಟು ಇನ್ನೂ ಕೆಟ್ಟದ್ದು, ಅದನ್ನು ಯಾರ ಮೇಲೆ ಕಾರಬೇಕೆಂದೇ ತಿಳಿಯುವುದಿಲ್ಲ.

ಮರುದಿನ ಅವಳು ಮೇಲಿನ ಮಹಡಿಗೆ ಹತ್ತಿದಳು. ಫಿಲಿಪ್ಪಾ ಕುರ್ಚಿ ಎಳೆದು ಕೂರಿಸಿದಳು, ಚಹಾ ಕೊಟ್ಟಳು, ತನ್ನ ಕೈಯಾರೆ ಮಾಡಿದ ಕೇಕು ಕೊಟ್ಟಳು. ಕೇಳುವುದನ್ನು ವರ್ಲಿನ್ ನೇರವಾಗಿ ಕೇಳಿದಳು: ನನಗೂ ಡೆಕ್ಲನ್‌ಗೂ ಒಂದೇ ಕೆಲಸ, ಒಂದೇ ಸಂಬಳ ಕೊಡಿ. ಫಿಲಿಪ್ಪಾ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಮಾತಾಡಿದಳು.

“ನಿಮ್ಮ ಬೆಲೆ ನಮಗೆ ಗೊತ್ತಿಲ್ವಾ ವರ್ಲಿನ್? ನೀವಿಲ್ದೆ ಈ ಗಿರಣೀನೇ ಇಲ್ಲ. ಆದ್ರೆ ಅವನದು ಸಂಯೋಜಕ ಹುದ್ದೆ, ಜವಾಬ್ದಾರಿ ಬೇರೆ.”

“ಯಾವ ಜವಾಬ್ದಾರಿ, ಒಂದು ಹೇಳಿ.”

“ಸೋಮವಾರದ ಮೀಟಿಂಗ್ ಇದೆಯಲ್ಲ.”

“ಅದರ ಪಟ್ಟಿ ಬರೆಯೋಳು ನಾನು.”

“ನೋಡಿ, ಬರೋ ವರ್ಷ ಎಲ್ಲ ಹುದ್ದೆ ಮರುಪರಿಶೀಲನೆ ಮಾಡ್ತೀವಿ. ಅಲ್ಲೀತನಕ ದುಡ್ಡಿನ ಪರಿಸ್ಥಿತಿ ನಿಮಗೂ ಗೊತ್ತು. ಅಂದ ಹಾಗೆ ಆ ಸಹಿ ಆಯ್ತಾ? ಬುಧವಾರ ಟ್ರಸ್ಟಿಗಳ ಊಟ, ಅವರು ನೋಡಿದ್ಮೇಲೆ ಅಚ್ಚಿಗೆ.”

ವರ್ಲಿನ್ ಕೇಕು ಮುಟ್ಟದೆ ಎದ್ದು ಬಂದಳು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಎನ್ನುವ ಗಾದೆ ನಮ್ಮದು. ಇಲ್ಲಿ ಹೂವನ್ನು ಮುಡಿಸುವ ಮೊದಲು ಸಹಿ ಕೇಳುತ್ತಿದ್ದರು, ವ್ಯತ್ಯಾಸ ಅಷ್ಟೇ.

ಆ ಶನಿವಾರ ಅವಳ ಅಪ್ಪನ ತಿಥಿಯ ದಿನ. ಕ್ಯಾರಿಯಾಕು ಮಂದಿ ಎಲ್ಲಿದ್ದರೂ ಹಿರಿಯರಿಗೆ ಎಡೆ ಇಡುವುದನ್ನು ಬಿಡುವುದಿಲ್ಲ. ಮೇಜಿಗೆ ಬಿಳಿ ಬಟ್ಟೆ ಹಾಸಿ, ಮನೆಯವರು ತುತ್ತೆತ್ತುವ ಮುಂಚೆ ಸತ್ತವರಿಗೊಂದು ತಟ್ಟೆ ತುಂಬಬೇಕು. ಎಂಬತ್ತಾರರ ಎಸ್ಲಿನ್ ಕುರ್ಚಿಯಲ್ಲಿ ಕೂತೇ ಎಲ್ಲ ಮಾಡಿಸಿದಳು: ಮೆಕ್ಕೆಜೋಳದ ಹಿಟ್ಟು ತಿರುವಿದ ಕೂಕೂ ಮುದ್ದೆ, ಹುರಿದ ಮೀನು, ತೊಗರಿಕಾಳು, ಪಕ್ಕದಲ್ಲಿ ಒಂದು ಗುಟುಕು ರಮ್.

“ಅಪ್ಪನಿಗೆ ಮೀನಿನ ತಲೆ ಹಾಕೇ. ಬಾಲ ಹಾಕಿದ್ರೆ ಎದ್ದು ಬರ್ತಾನೆ,” ಎಂದಳು ಎಸ್ಲಿನ್. ಆಮೇಲೆ ಮಗಳ ಮುಖ ನೋಡಿ, “ಏನಾಯ್ತು? ಒಂದು ವಾರದಿಂದ ಮನೆಯೆಲ್ಲ ಈರುಳ್ಳಿ ವಾಸನೆ,” ಎಂದಳು.

ವರ್ಲಿನ್ ಹೇಳಿದಳು. ಹೇಳಿ, “ಪಿಂಚಣಿಗೆ ಇನ್ನೆಂಟು ವರ್ಷ ಇದೆ. ಬಾಯಿ ಮುಚ್ಕೊಂಡು ಇರ್ಲಾ ಅಂತ ಯೋಚ್ನೆ,” ಎಂದಳು.

ಎಸ್ಲಿನ್ ರಮ್ಮಿನ ಲೋಟವನ್ನು ಎಡೆಯ ಹತ್ತಿರಕ್ಕೆ ಸರಿಸಿದಳು. “ನಿನಗೆ ಒಂದು ಹೇಳಿರ್ಲಿಲ್ಲ. ಅರವತ್ತೇಳನೇ ಇಸ್ವಿ. ಒಂದು ಶುಕ್ರವಾರ ಗುಮಾಸ್ತ ಸಂಬಳದ ಲಕೋಟೆ ಅದಲು ಬದಲು ಮಾಡ್ದ. ಪಕ್ಕದ ಯಂತ್ರದ ಬಿಳಿಯನ ಲಕೋಟೆ ನನ್ನ ಕೈಗೆ ಬಂತು. ಅದೇ ಯಂತ್ರ, ಅದೇ ಪಾಳಿ. ಒಡೆದು ನೋಡಿದ್ರೆ ನನಗಿಂತ ಮೂರು ಪೌಂಡ್ ಜಾಸ್ತಿ. ನಾನೇನು ಮಾಡ್ದೆ ಗೊತ್ತಾ? ಹಾಗೇ ಮಡಚಿ ಅವನ ಕೈಗೆ ಕೊಟ್ಟೆ. ಒಡೆದಿದ್ದಕ್ಕೆ ತಪ್ಪಾಯ್ತು ಅಂತ ಬೇರೆ ಹೇಳ್ದೆ.”

“ಅಮ್ಮಾ.”

“ತಪ್ಪಾಯ್ತು ಅಂದೆ ಕಣೇ. ನಾನು. ಆಮೇಲೆ ಹತ್ತು ವರ್ಷ ಬಾಯಿ ಮುಚ್ಕೊಂಡೆ. ಬಾಯಿ ಮುಚ್ಕೊಂಡಿದ್ದಕ್ಕೆ ಆ ಮುಂಡೇಮಕ್ಕಳು ಒಂದು ಪೆನ್ನಿ ಜಾಸ್ತಿ ಕೊಟ್ರಾ? ಮುಖ ಬೇಕಂತೆ ಅವರಿಗೆ. ನಿನ್ನ ಮುಖ ಮಾಡಿರೋಳು ನಾನು, ಬಿಟ್ಟಿ ಕೊಡ್ಬೇಡ.”

ಬುಧವಾರ ಬಂತು. ಊಟದ ಕೋಣೆಯಲ್ಲಿ ಉದ್ದ ಮೇಜುಗಳನ್ನು ಜೋಡಿಸಿ, ಟ್ರಸ್ಟಿಗಳು ಆರು ಜನ, ಸಿಬ್ಬಂದಿ ಎಲ್ಲರೂ ಕೂರುವ ಏರ್ಪಾಡಾಗಿತ್ತು. ವರ್ಲಿನ್ ಅಂದು ಬಟಾಣಿ ಸೂಪಿನ ಜೊತೆ ಕೂಕೂ ಮುದ್ದೆ, ಮೀನಿನ ಸಾರು ಮಾಡಿದ್ದಳು. ಟ್ರಸ್ಟಿಗಳ ಮೇಜಿನ ತಲೆಗೆ ಬಿಳಿ ಬಟ್ಟೆ ಹಾಸಿ, ಎಲ್ಲರಿಗಿಂತ ಮೊದಲು ಒಂದು ತಟ್ಟೆ ತುಂಬಿಟ್ಟಳು. ಅಧ್ಯಕ್ಷರಾದ ಸೈಕ್ಸ್ ಎಂಬ ನಿವೃತ್ತ ಬ್ಯಾಂಕ್ ಮ್ಯಾನೇಜರು ಕೈ ಉಜ್ಜಿಕೊಳ್ಳುತ್ತ ಅಲ್ಲಿಗೇ ಬಂದರು.

“ಇದು ನನ್ನ ಜಾಗಾನಾ, ಬೆವರ್ಲಿ?”

ಬೆವರ್ಲಿ ಎಂಬ ಇನ್ನೊಬ್ಬ ಕರಿಯ ಹೆಂಗಸು ಅಲ್ಲಿ ಕೆಲಸ ಬಿಟ್ಟು ಹದಿನಾಲ್ಕು ವರ್ಷವಾಗಿತ್ತು.

“ವರ್ಲಿನ್,” ಎಂದಳು ವರ್ಲಿನ್. “ಅದು ನಿಮ್ಮದಲ್ಲ. ಪಕ್ಕದ್ದು ನಿಮ್ಮದು.”

ಫಿಲಿಪ್ಪಾಳ ಕಣ್ಣು ಅರಳಿತು. “ಓ, ಇದು ಅವರ ಕಡೆ ಪದ್ಧತಿ. ಸತ್ತವರಿಗೆ ತಟ್ಟೆ ಇಡ್ತಾರೆ. ಎಷ್ಟು ಚೆನ್ನಾಗಿದೆ ಅಲ್ವಾ? ಯಾರಾದ್ರೂ ಒಂದು ಫೋಟೋ ತೆಗೀರಿ.”

“ತೆಗೀರಿ,” ಎಂದಳು ವರ್ಲಿನ್. “ಆದ್ರೆ ಇದು ಸತ್ತೋರಿಗಲ್ಲ. ನಮ್ಮನೇಲಿ ಸತ್ತೋರನ್ನೂ ಲೆಕ್ಕಕ್ಕೆ ಹಿಡಿದು ಬಡಿಸ್ತೀವಿ. ನೀವು ಬದುಕಿರೋರನ್ನೇ ಲೆಕ್ಕದಿಂದ ಬಿಟ್ಟಿದೀರಿ. ಇದು ಏಳನೇ ಪುಟದ ನಕ್ಷತ್ರಕ್ಕೆ ಇಟ್ಟಿರೋ ಎಡೆ.”

ವರ್ಲಿನ್ ಏಪ್ರನ್ನಿನ ಜೇಬಿನಿಂದ ಒಪ್ಪಿಗೆಪತ್ರ ತೆಗೆದು ಮೇಜಿನ ಮೇಲೆ ಹರವಿದಳು.

“ಸಹಿ ಹಾಕಿದೀನಿ. ಮೇಲೊಂದು ಸಾಲು ಬರೆದಿದೀನಿ, ಓದ್ತೀನಿ. ‘ನನ್ನ ಮುಖ ಹಾಕಬಹುದು. ಮುಖದ ಕೆಳಗೆ ನನ್ನ ಸಂಬಳ ಹಾಕಬೇಕು: ಗಂಟೆಗೆ ಹನ್ನೊಂದು ಪೌಂಡ್ ಐದು ಪೆನ್ನಿ. ಅದರ ಪಕ್ಕ, ಅದೇ ಕೆಲಸ ಮಾಡೋ ಸಂಯೋಜಕರ ಸಂಬಳ ಹಾಕಬೇಕು: ಹದಿನೈದು ಪೌಂಡ್ ಇಪ್ಪತ್ತು.’ ಅಷ್ಟೇ.”

ಸೈಕ್ಸ್ ಗಂಟಲು ಸರಿಮಾಡಿಕೊಂಡರು. “ಇದು ಖಾಸಗಿ ವಿಷಯ. ಊಟದ ಹೊತ್ತಲ್ಲಿ ಇದೆಲ್ಲ ಬೇಡ.”

“ನನ್ನ ಸಂಬಳ ಖಾಸಗಿ ಅಂದ್ರೆ ಅದು ನಂದು. ನಂದನ್ನ ನಾನು ಹೇಳ್ತಿದೀನಿ.”

“ನಿಮ್ಮ ಗುರುತು ಕಾಪಾಡೋಕೆ ಅಂತಾನೇ...” ಎಂದಳು ಫಿಲಿಪ್ಪಾ.

“ಸಂಬಳ ಅಚ್ಚಾದ್ರೆ ನನ್ನ ಗುರುತು ಸಿಕ್ಬಿಡುತ್ತೆ. ಮುಖ ಅಚ್ಚಾದ್ರೆ ಸಿಗಲ್ಲ, ಅಲ್ವಾ?”

ಯಾರೋ ಹಿಂದಿನಿಂದ ನಕ್ಕರು, ಕೆಮ್ಮಿನಲ್ಲಿ ಮುಚ್ಚಿಕೊಂಡರು. ಫಿಲಿಪ್ಪಾಳ ಕಣ್ಣು ತುಂಬಿತು. “ಇಷ್ಟು ವರ್ಷದ ಮೇಲೆ ನೀವು ನನ್ನ ಹೀಗೆ ಅಂದ್ಕೊಂಡ್ರಲ್ಲ, ನಂಗೆ ತುಂಬ ನೋವಾಗ್ತಿದೆ ವರ್ಲಿನ್,” ಎಂದು ಮುಖ ಮುಚ್ಚಿಕೊಂಡಳು. ಅಷ್ಟೇ ಸಾಕಾಯಿತು. ಮೇಜಿನ ಆಚೆಯಿಂದ ಒಬ್ಬರು ಕಾಗದದ ಕರವಸ್ತ್ರ ಚಾಚಿದರು, ಇನ್ನೊಬ್ಬರು ಅವಳ ಬೆನ್ನು ಸವರಿದರು, ಮತ್ತೊಬ್ಬರು ನೀರು ತಂದರು. ಗಂಟೆಗೆ ನಾಲ್ಕು ಪೌಂಡ್ ಕಳೆದುಕೊಂಡವಳು ಸೌಟು ಹಿಡಿದು ನಿಂತೇ ಇದ್ದಳು. ಅದನ್ನು ಕೊಡದೆ ಉಳಿಸಿಕೊಂಡವಳಿಗೆ ಸಾಂತ್ವನ ನಡೆಯುತ್ತಿತ್ತು. ವರ್ಲಿನ್ ಡೆಕ್ಲನ್‌ನತ್ತ ನೋಡಿದಳು. ಅವನು ಖಾಲಿ ತಟ್ಟೆಯನ್ನೇ ದಿಟ್ಟಿಸುತ್ತಿದ್ದ. ಅವಳು ಉಳಿದವರಿಗೆಲ್ಲ ಬಡಿಸಿದಳು, ಒಬ್ಬರಿಗೂ ಕಡಿಮೆ ಮಾಡಲಿಲ್ಲ, ಆಮೇಲೆ ಒಳಗೆ ಹೋಗಿ ಈರುಳ್ಳಿ ಬುಟ್ಟಿಯನ್ನು ನೋಡಿದಳು. ಅಂದು ಒಂದನ್ನೂ ಹೆಚ್ಚಬೇಕೆನಿಸಲಿಲ್ಲ.

ವರದಿ ಅಚ್ಚಾಗಿ ಬಂದಾಗ ಮುಖಪುಟದಲ್ಲಿ ಕಾಲುವೆಯ ಮೇಲೆ ಎರಡು ಬಾತುಕೋಳಿ ಈಜುತ್ತಿದ್ದವು. ಏಳನೇ ಪುಟದ ನಕ್ಷತ್ರ ಹಾಗೇ ಇತ್ತು. ಆರನೇ ಪುಟದಿಂದ ಮಾತ್ರ ವಿಭಾಗವಾರು ಪಟ್ಟಿಯನ್ನು ಎತ್ತಿಬಿಟ್ಟಿದ್ದರು. ತಪ್ಪು ತಿದ್ದಿಕೊಳ್ಳುವುದು ಎಂದರೆ ಅವರ ಪ್ರಕಾರ ಅದು.

ಮೂರು ವಾರಕ್ಕೆ ವರ್ಲಿನ್‌ಗೊಂದು ಪತ್ರ ಬಂತು. ಹುದ್ದೆಯ ಹೆಸರು ಬದಲಾಯಿಸಿದ್ದೇವೆ, ಇನ್ನು ಮುಂದೆ ಗಂಟೆಗೆ ಹದಿಮೂರು ಪೌಂಡ್. ಮೇಲೆ ಕೆಂಪಕ್ಷರದಲ್ಲಿ ‘ಗೋಪ್ಯ’. ಕೆಳಗೆ ಫಿಲಿಪ್ಪಾಳ ಕೈಬರಹದಲ್ಲಿ, ‘ಇದು ನಮ್ಮಿಬ್ಬರ ಮಧ್ಯೆ ಇರಲಿ.’ ಮೂಗಿಗೆ ತುಪ್ಪ ಸವರುವುದು ಸಾಲದೆಂದು, ಸವರಿದ್ದನ್ನು ಯಾರಿಗೂ ಹೇಳಬೇಡ ಎಂಬ ಷರತ್ತು ಬೇರೆ. ಹದಿನೈದು ಇಪ್ಪತ್ತಕ್ಕೆ ಇನ್ನೂ ಎರಡು ಪೌಂಡ್ ಇಪ್ಪತ್ತು ಬಾಕಿ. ಹಿಂದಿನ ಆರು ವರ್ಷದ ಸುದ್ದಿಯೇ ಇಲ್ಲ.

ಊಟದ ಕೋಣೆಯ ಬಾಗಿಲಲ್ಲಿ ಒಂದು ಕಪ್ಪು ಹಲಗೆ ಇದೆ. ಅಂದಂದಿನ ಅಡುಗೆಯನ್ನು ದಿನಾ ಬೆಳಿಗ್ಗೆ ವರ್ಲಿನ್ ಅದರ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಾಳೆ. ಸೋಮವಾರ ಅವಳು ಬರೆದದ್ದು ಹೀಗೆ: 'ಸೂಪು: ಗಜ್ಜರಿ. ಊಟ: ಕುರಿಮಾಂಸದ ಪೈ. ಸಿಹಿ: ಸೇಬಿನ ಕಡುಬು. ವರ್ಲಿನ್: ಗಂಟೆಗೆ ಹದಿಮೂರು.'

ಹನ್ನೊಂದು ಗಂಟೆಗೆ ಫಿಲಿಪ್ಪಾ ಬಂದು ಕೊನೆಯ ಸಾಲು ಒರೆಸಿದಳು. ಹನ್ನೊಂದೂಕಾಲಿಗೆ ವರ್ಲಿನ್ ಅದನ್ನು ಮತ್ತೆ ಬರೆದಳು. ಮಂಗಳವಾರವೂ ಹಾಗೇ ಆಯಿತು. ಬುಧವಾರ ವರ್ಲಿನ್ ಕೈ ತೊಳೆದು ಬರುವಷ್ಟರಲ್ಲಿ ಅವಳ ಸಾಲಿನ ಕೆಳಗೆ ಇನ್ನೊಂದು ಸಾಲಿತ್ತು, ಲೆಕ್ಕದ ಪುಸ್ತಕದ ಅಚ್ಚುಕಟ್ಟು ಅಕ್ಷರದಲ್ಲಿ: ‘ರುಬೀನಾ: ಹನ್ನೆರಡು ನಲವತ್ತು. ಒಂಬತ್ತು ವರ್ಷದಿಂದ.’

“ಕೆಲಸ ಹೋದ್ರೆ?” ಎಂದಳು ವರ್ಲಿನ್, ರುಬೀನಾ ಚಹಾಕ್ಕೆ ಬಂದಾಗ.

“ಹೋಗ್ಲಿ. ಎರಡು ನಕ್ಷತ್ರದಲ್ಲಿ ಒಂದು ನಾನು. ಒಂದೇ ಉರೀತಾ ಇದ್ರೆ ಚೆನ್ನಾಗಿರಲ್ಲ.”

ಗುರುವಾರ ಸ್ಯಾಂಡ್ರಾ ಬರೆದಳು, ಹತ್ತು ನಲವತ್ತು. ಜೀನ್ ಬರೆದಳು, ಹತ್ತು ಮೂವತ್ತೈದು. ಬರೆದ ಮೇಲೆ ಜೀನ್ ಆ ಐದು ಪೆನ್ನಿಯನ್ನೇ ನೋಡುತ್ತ ನಿಂತಳು, “ನನಗ್ಯಾಕೆ ಕಮ್ಮಿ?” ಎಂದು ಯಾರನ್ನೆಂದಿಲ್ಲದೆ ಕೇಳಿದಳು. ಮಧ್ಯಾಹ್ನ ವ್ಯಾನು ನಿಲ್ಲಿಸಿ ಬಂದ ಡೆಕ್ಲನ್ ಸೀಮೆಸುಣ್ಣ ತೆಗೆದುಕೊಂಡ. ಕಿವಿ ಕೆಂಪಗಿತ್ತು. ‘ಡೆಕ್ಲನ್: ಹದಿನೈದು ಇಪ್ಪತ್ತು’ ಎಂದು ಬರೆದು, ಒಂದು ಕ್ಷಣ ತಡೆದು, ಕೆಳಗೆ ಸೇರಿಸಿದ: ‘ಕೆಲಸ ಕಲಿಸಿದ್ದು ವರ್ಲಿನ್.’

“ಆರು ವರ್ಷ ತಡವಾಯ್ತು ಕಣೋ,” ಎಂದಳು ವರ್ಲಿನ್.

“ಹೌದು,” ಎಂದ ಅವನು. ಅವಳು ಅವನನ್ನು ಕ್ಷಮಿಸಲಿಲ್ಲ, ಚಹಾ ಮಾತ್ರ ಕೊಟ್ಟಳು.

ಶುಕ್ರವಾರದ ಹೊತ್ತಿಗೆ ತೋಟದವನು, ಸ್ವಾಗತದ ಮೇಜಿನವಳು, ಇಸ್ಪೀಟು ಆಡಿಸುವವಳು ಎಲ್ಲರ ಹೆಸರೂ ಹಲಗೆಯಲ್ಲಿತ್ತು. ವಾಮರ್ಸ್ಲಿ ತಾತ ಗಾಲಿಕುರ್ಚಿಯಲ್ಲಿ ಬಂದು ಕನ್ನಡಕ ಏರಿಸಿ ಹುಡುಕಿದ.

“ಚಿನ್ನಾ, ಇವತ್ತು ಸಿಹಿ ಏನು? ಇಲ್ಲಿ ಬರೆದೇ ಇಲ್ಲ.”

“ಜಾಗ ಸಾಲಲಿಲ್ಲ ತಾತ. ಅಕ್ಕಿ ಪಾಯಸ.”

ಆಗಲೇ ಫಿಲಿಪ್ಪಾ ಮೆಟ್ಟಿಲಿಳಿದು ಬಂದಳು. ಕೈಯಲ್ಲಿ ಒರೆಸುವ ಬಟ್ಟೆ ಇರಲಿಲ್ಲ, ಒಂದು ಲಕೋಟೆ ಇತ್ತು. ಹಲಗೆಯನ್ನು ಮೇಲಿಂದ ಕೆಳಗಿನವರೆಗೆ ಓದಿದಳು. ಇಪ್ಪತ್ತು ಜನ ತಟ್ಟೆ ಹಿಡಿದು ಅವಳನ್ನೇ ನೋಡುತ್ತಿದ್ದರು. ವರ್ಲಿನ್ ಲಕೋಟೆ ಒಡೆದಳು, ಮಡಚಿ ವಾಪಸು ಕೊಡಲಿಲ್ಲ. ಈ ತಿಂಗಳಿಂದ ಗಂಟೆಗೆ ಹದಿನೈದು ಪೌಂಡ್ ಇಪ್ಪತ್ತು. ಗೋಪ್ಯ ಎಂಬ ಮಾತು ಎಲ್ಲಿಯೂ ಇರಲಿಲ್ಲ.

“ಹಿಂದಿನ ಆರು ವರ್ಷದ್ದು?”

“ಅದನ್ನ ನೋಡೋಣ ವರ್ಲಿನ್,” ಎಂದಳು ಫಿಲಿಪ್ಪಾ ಮೆಲ್ಲಗೆ.

ವರ್ಲಿನ್ ತನ್ನ ಹೆಸರಿನ ಮುಂದಿನ ಹದಿಮೂರನ್ನು ಅಂಗೈಯಿಂದ ಒರೆಸಿ ಹದಿನೈದು ಇಪ್ಪತ್ತು ಎಂದು ಬರೆದಳು, ಅದರ ಪಕ್ಕ ‘ಆರು ವರ್ಷ ಬಾಕಿ’ ಎಂದು ಸೇರಿಸಿದಳು. ಹಲಗೆಯ ನೆತ್ತಿಯಲ್ಲಿ ಸೋಮವಾರದಿಂದಲೂ ಅವಳು ಒಂದು ಸಾಲು ಖಾಲಿ ಉಳಿಸಿಕೊಂಡು ಬಂದಿದ್ದಳು, ಯಾರಿಗೂ ಅಲ್ಲಿ ಬರೆಯಲು ಬಿಟ್ಟಿರಲಿಲ್ಲ. ಅದನ್ನು ತೋರಿಸಿ ಸೀಮೆಸುಣ್ಣವನ್ನು ಫಿಲಿಪ್ಪಾಳ ಕಡೆ ಚಾಚಿದಳು.

“ಇದು ನಿಮಗೆ ಇಟ್ಟಿದ್ದು. ಬರೀರಿ.”

ಫಿಲಿಪ್ಪಾ ಸೀಮೆಸುಣ್ಣ ತೆಗೆದುಕೊಳ್ಳಲಿಲ್ಲ. ವರ್ಲಿನ್ ಅದನ್ನು ಹಲಗೆಯ ಅಂಚಿನ ಮೇಲೆ, ಆ ಖಾಲಿ ಸಾಲಿನ ನೇರಕ್ಕೆ ಇಟ್ಟು, ಪಾಯಸ ಬಡಿಸಲು ಹೋದಳು.